ಅಜ್ಜ ಹೇಳದ ಒಟಿಪಿ

ಕುಂದಗೋಳ ಬಸ್ ನಿಲ್ದಾಣದ ಬಾಜು ನನ್ನದೊಂದು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಅವತ್ತು ಕಾಲೇಜು ಸೀಟು ಖಾತ್ರಿ ಮಾಡಲು ಸಂಜೆ ಐದೇ ಕೊನೆ. ನಾಲ್ಕೂವರೆಗೆ ಯರಗುಪ್ಪಿಯ ಸವಿತಾ ಏದುಸಿರು ಬಿಡುತ್ತ ಬಂದಳು. ಎರಡು ಕಡೆ ಸೀಟು ಸಿಕ್ಕಿತ್ತು. ಒಂದರಲ್ಲಿ ಅವಳ ಪ್ರೀತಿಯ ಕೆಮಿಸ್ಟ್ರಿ, ಆದರೆ ಅರ್ಧ ಫೀ ಮಾತ್ರ ಮಾಫಿ. ಇನ್ನೊಂದರಲ್ಲಿ ಫೀ, ಹಾಸ್ಟೆಲ್ ಎಲ್ಲ ಪುಕ್ಕಟೆ, ಆದರೆ ಬಿ.ಕಾಂ.

"ಯಾವ್ದು ಮಾಡ್ಲಿರಿ ಕಾಕಾ?" ಎಂದಳು ಉಗುರು ಕಚ್ಚುತ್ತ.

"ಪುಕ್ಕಟ ಸಿಕ್ಕದ್ದು ಯಾರರ ಬಿಡ್ತಾರೇನವಾ?" ಎಂದು ನಾನೇ ಬಿ.ಕಾಂ ಒತ್ತಿದೆ.

ಒಟಿಪಿ ಹೋದದ್ದು ಹೊಲದಲ್ಲಿದ್ದ ಅವಳ ಅಜ್ಜನ ಫೋನಿಗೆ. ಅವರ ಮನೆಯ ಎಲ್ಲ ಕಾಗದಪತ್ರಕ್ಕೂ ಅದೊಂದೇ ನಂಬರು. ಫೋನ್ ಹಚ್ಚಿ ಕೇಳಿದೆ.

"ಯಾರಿಗೂ ಹೇಳಬಾರದು ತಮ್ಮಾ. ನಮ್ಮ ಸವಿತಾನ ಕೈಯಾಗ ಕೊಡು" ಎಂದ ಅಜ್ಜ. ಅವಳು ಸ್ಪೀಕರ್ ಹಾಕಿ ಫೋನ್ ಹಿಡಿದಳು.

"ಯಾವ ಕಾಲೇಜ್ ಹಿಡದಿಯವಾ?"

"ಪುಕ್ಕಟ ಇರೂದು ಅಜ್ಜಾ. ಕೆಮಿಸ್ಟ್ರಿಗಿ ಅರ್ಧಾ ಫೀ ತುಂಬಬೇಕು."

"ನಿನಗ ಬೇಕಾದದ್ದು ಯಾವ್ದು?"

"ಕೆಮಿಸ್ಟ್ರಿ ಅಜ್ಜಾ. ಆದ್ರ ರೊಕ್ಕಾ..."

"ಹಂಗಾರ ಪುಕ್ಕಟದ್ದಕ್ಕ ನಂಬರ್ ಹೇಳೂದಿಲ್ಲ." ಅಜ್ಜ ಫೋನ್ ಇಟ್ಟೇಬಿಟ್ಟ.

ಐದಕ್ಕೆ ಏಳೇ ನಿಮಿಷ. ಒಟಿಪಿಯ ಅವಧಿ ಮುಗಿಯಿತು. ಸವಿತಾ ಮೌಸ್ ಕಸಿದುಕೊಂಡು ಕೆಮಿಸ್ಟ್ರಿ ಒತ್ತಿದಳು, ಮತ್ತೆ ಅಜ್ಜನಿಗೆ ಫೋನ್ ಹಚ್ಚಿ ಹಾಗೆಂದೇ ಹೇಳಿದಳು. ಈ ಸಲ ಅಜ್ಜ ಹೊಸದಾಗಿ ಬಂದ ಒಟಿಪಿಯ ಒಂದೊಂದೇ ಅಂಕಿ ಓದಿ ಹೇಳಿದ. ಸೀಟು ಖಾತ್ರಿಯಾದಾಗ ಐದಕ್ಕೆ ಎರಡು ನಿಮಿಷವಿತ್ತು.

'ಒಟಿಪಿ ಕೇಳಿದಾಂವ ಕಳ್ಳ ಅಂತನ ತಿಳೀರಿ' ಎಂದು ಹೋದ ವರ್ಷ ಅಜ್ಜನನ್ನು ಕೂರಿಸಿಕೊಂಡು ಕಲಿಸಿದವನು ನಾನೇ. ಅವತ್ತು ಕೇಳಿದವನೂ ನಾನೇ.