ಕೋಟಿನ ಜೇಬಿನ ಮೂರನೇ ಕೀ

ಮೇಘನಾ, ಸುಹಾಸ್,

ನಿಮಗಿಬ್ಬರಿಗೂ ಕನ್ನಡ ಓದಲು ಕಲಿಸಿದ್ದು ನಾನೇ. ಅಡುಗೆಮನೆಯ ಮೇಜಿನ ಮೇಲೆ ತಟ್ಟೆಯಲ್ಲಿ ಅಕ್ಕಿ ಹರಡಿ ಬೆರಳು ಹಿಡಿದು ತಿದ್ದಿಸುತ್ತಿದ್ದೆ. ನೀವು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಿರಿ, ಆದರೂ ಕಲಿತಿರಿ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳುವ ಶಕ್ತಿ ನನಗಿಲ್ಲ. ಚಿಕ್ಕಂದಿನಿಂದಲೂ ಮಾತು ನನ್ನ ಗಂಟಲಲ್ಲೇ ನಿಂತುಬಿಡುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಂಬಿದವಳಲ್ಲ ನಾನು. ಅರಸೀಕೆರೆ ಹತ್ತಿರದ ನಮ್ಮೂರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದೇನೆ, ಅಷ್ಟೆ. ಆದರೂ ಕೆರೆ ಏರಿಯ ಮೇಲೆ ಬಿಳಿ ಸೀರೆಯವಳು ನಿಂತಿದ್ದಳು ಎಂದು ಯಾರಾದರೂ ಹೇಳಿದರೆ, ಒಣಗಲು ಹಾಕಿದ ಬಟ್ಟೆ ಇರಬೇಕು ಎಂದು ಮನಸ್ಸಿನಲ್ಲೇ ನಗುತ್ತಿದ್ದೆ. ದಿನವೂ ದೇವರಿಗೆ ದೀಪ ಹಚ್ಚುತ್ತೇನೆ. ಆದರೆ ದೇವರು ಬಂದು ನಮ್ಮ ಕೆಲಸ ಮಾಡಿಕೊಡುತ್ತಾನೆ ಎಂದು ಯಾವತ್ತೂ ಕಾದವಳಲ್ಲ.

ಇದು ನಡೆದಾಗ ಸುಹಾಸ್, ನಿನಗೆ ಎಂಟು ತಿಂಗಳು. ಮೇಘನಾ, ನಿನಗೆ ನಾಲ್ಕು ವರ್ಷ. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಪ್ಲೇನ್‌ಫೀಲ್ಡಿನ ನಿಮ್ಮ ಮನೆಗೆ ಸಮುದ್ರ ದಾಟಿ ಬಂದ ಮೇಲೆ ಅದು ನನ್ನ ಮೊದಲ ಚಳಿಗಾಲ. ಬೆಳಿಗ್ಗೆ ನಿಮ್ಮ ಅಪ್ಪ ಕೆಲಸಕ್ಕೆ, ಅಮ್ಮ ಪರೀಕ್ಷೆಗೆ ಓದಲು ಲೈಬ್ರರಿಗೆ ಹೊರಟರೆ ಸಂಜೆಯವರೆಗೆ ನಿಮ್ಮಿಬ್ಬರ ಹೊರತು ಮಾತಾಡಿಸಲು ಯಾರೂ ಇರುತ್ತಿರಲಿಲ್ಲ. ಕಿಟಕಿಯಾಚೆ ಒಂದೇ ತರಹದ ಮನೆಗಳು, ಹಿಮ, ಮುಚ್ಚಿದ ಗ್ಯಾರೇಜುಗಳು. ನಿಮ್ಮನ್ನು ನೋಡಿಕೊಳ್ಳುವುದೊಂದೇ ನನ್ನ ಕೆಲಸ. ಅದೊಂದನ್ನು ಸರಿಯಾಗಿ ಮಾಡುತ್ತೇನೆ ಎನ್ನುವ ಹೆಮ್ಮೆ ಮಾತ್ರ ನನ್ನ ಹತ್ತಿರ ಉಳಿದಿತ್ತು.

ಆ ವರ್ಷ ನಿಮ್ಮಪ್ಪ ಹೊಸ ಕಾರು ತಂದರು. ಅದಕ್ಕೆ ಕೀ ಎನ್ನುವುದೇ ಇರಲಿಲ್ಲ. ಸೋಪಿನ ಬಿಲ್ಲೆಯಷ್ಟು ದೊಡ್ಡ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಅದು ಚೀಲದಲ್ಲಿದ್ದರೆ ಸಾಕು, ಕಾರು ತಾನೇ ಬಾಗಿಲು ತೆರೆಯುತ್ತಿತ್ತು. ಗುಂಡಿ ಒತ್ತಿದರೆ ಹೊರಡುತ್ತಿತ್ತು. ದೇವಸ್ಥಾನಕ್ಕೆ ಪೂಜೆಗೆ ಒಯ್ದಾಗ ಅರ್ಚಕರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕೀ ಕೊಡಿ ಅಂದ್ರೆ ಟಿವಿ ರಿಮೋಟ್ ಕೊಡ್ತಿದೀರಲ್ಲ ಸ್ವಾಮೀ, ಎಲ್ಲಿಗೆ ಕುಂಕುಮ ಇಡ್ಲಿ ಇದಕ್ಕೆ?" ಎಂದರು. ಆಗ ನಿಮ್ಮಪ್ಪ ಡಬ್ಬಿಯ ಹೊಟ್ಟೆಯಿಂದ ಪುಟ್ಟದೊಂದು ಲೋಹದ ಕೀಯನ್ನು ಎಳೆದು ತೆಗೆದು ಕೊಟ್ಟರು. ಡಬ್ಬಿಗಳು ಎರಡು, ಒಂದೊಂದರ ಒಳಗೂ ಅಂಥದೊಂದು ಕೀ. ಅರ್ಚಕರು ಒಂದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂವಿನ ಜೊತೆ ತಟ್ಟೆಯಲ್ಲಿಟ್ಟು ಮಂಗಳಾರತಿ ಮಾಡಿದರು.

ಮನೆಗೆ ಬಂದ ಮೇಲೆ ನಿಮ್ಮಪ್ಪ ಆ ಕೀಯನ್ನು ನನ್ನ ಕೈಗೆ ಕೊಟ್ಟು, "ಅತ್ತೆ, ಇದು ನಿಮ್ಮ ಹತ್ರ ಇರ್ಲಿ. ಡಬ್ಬಿ ಬ್ಯಾಟರಿ ಸತ್ರೆ ಇದೊಂದೇ ಗತಿ. ದೂರ ಹೋಗುವಾಗ ಮೈಮೇಲೇ ಇರ್ಬೇಕು. ಕಾರಲ್ಲಂತೂ ಇಡ್ಲೇಬೇಡಿ," ಎಂದರು. ನಾನು ಹೂಂ ಎಂದೆ. ಆದರೆ ದೇವರ ತಟ್ಟೆಯಿಂದ ಬಂದ ಕುಂಕುಮದ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಚ್ಚಲಿಗೆ, ಪಾಯಿಖಾನೆಗೆ ಹೋಗುವುದು ಹೇಗೆ? ಅಳಿಯನ ಮುಂದೆ ಇದನ್ನು ಹೇಳುವುದಾದರೂ ಹೇಗೆ? ದೇವರ ಮನೆಯಲ್ಲಿ ಫೋಟೋದ ಮೊಳೆಗೆ ಅದನ್ನು ತೂಗುಹಾಕಿದೆ. ಅಲ್ಲಿದ್ದರೂ ಕಾಯುತ್ತದೆ ಎಂದುಕೊಂಡೆ.

ಜನವರಿಯಲ್ಲಿ ನಿಮ್ಮಮ್ಮನಿಗೆ ದೂರದ ಆನ್ ಆರ್ಬರ್ ಊರಿನ ಆಸ್ಪತ್ರೆಯೊಂದರಿಂದ ಇಂಟರ್‌ವ್ಯೂಗೆ ಕರೆ ಬಂತು. ಅವಳು ಬೆಂಗಳೂರಿನಲ್ಲೇ ಡಾಕ್ಟರ್ ಓದಿದ್ದರೂ ಇಲ್ಲಿ ಮತ್ತೆ ಪರೀಕ್ಷೆ ಬರೆದು ಹೀಗೆ ಊರೂರು ಅಲೆಯುತ್ತಿದ್ದಳು. ನಿನಗಿನ್ನೂ ಎದೆಹಾಲು ಕುಡಿಸುತ್ತಿದ್ದಳು ಸುಹಾಸ್, ಬಿಟ್ಟು ಹೋಗುವಂತಿರಲಿಲ್ಲ. ನಿಮ್ಮಪ್ಪನಿಗೆ ರಜೆ ಸಿಗಲಿಲ್ಲ, ಆ ವಾರ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಹಾಗಾಗಿ ನಿಮ್ಮಿಬ್ಬರನ್ನು ನೋಡಿಕೊಳ್ಳಲು ನಾನೂ ಹೊರಟೆ. ಹೊರಡುವಾಗ ಕಾರು ಮೊಂಡು ಹಿಡಿಯಿತು. ನಿಮ್ಮಮ್ಮ ಡಬ್ಬಿಯನ್ನು ಗುಂಡಿಗೇ ಒತ್ತಿ ಹಿಡಿದ ಮೇಲೆ ಸ್ಟಾರ್ಟ್ ಆಯಿತು. ಒಂದು ವಾರದಿಂದ ಸ್ಟೀರಿಂಗಿನ ಹಿಂದೆ, ಮೀಟರುಗಳ ನಡುವೆ ಹಳದಿ ಬಣ್ಣದ ಕೀ ಚಿತ್ರವೊಂದು ಹೊಳೆಯುತ್ತಿತ್ತು. "ಡಬ್ಬಿ ಬ್ಯಾಟರಿ ಲೋ ಅಂತೆ. ಬಂದ್ಮೇಲೆ ಹಾಕಿಸಿದ್ರಾಯ್ತು," ಎಂದಳು.

ದಾರಿಯಲ್ಲಿ ಕಲಮಜೂ ಎಂಬ ಊರು ದಾಟಿದ ಮೇಲೆ ಮೇಘನಾ, ನೀನು ಬಾತ್‌ರೂಮ್ ಬಾತ್‌ರೂಮ್ ಎಂದು ಕೂಗತೊಡಗಿದೆ. ಹೆದ್ದಾರಿಯ ಪಕ್ಕದ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆವು. ಮಧ್ಯಾಹ್ನ ನಾಲ್ಕು ಗಂಟೆಯಾಗಿದ್ದರೂ ಆಕಾಶ ತೊಳೆಯದ ಪಾತ್ರೆಯ ಹಾಗಿತ್ತು. ನಿಮ್ಮಮ್ಮ ಎಂಜಿನ್ ಆರಿಸಿ, ನಿನ್ನನ್ನು ಎತ್ತಿಕೊಂಡು ಓಡಿದಳು. ಅವಳ ಚೀಲ ಹಿಂದಿನ ಸೀಟಿನಲ್ಲಿ, ಸುಹಾಸನ ಪಕ್ಕದಲ್ಲೇ ಉಳಿಯಿತು. ಡಬ್ಬಿ, ಫೋನು ಎರಡೂ ಅದರಲ್ಲಿ.

ಸುಹಾಸ್, ನೀನು ಅಳತೊಡಗಿದೆ. ನಾನು ಮುಂದಿನ ಸೀಟಿನಿಂದ ತಿರುಗಿ ನಿನ್ನ ಕೈಗೊಂದು ರಸ್ಕ್ ಕೊಟ್ಟೆ. ನನ್ನ ಮಡಿಲ ತುಂಬ ಕಿತ್ತಳೆ ಸಿಪ್ಪೆ ಇತ್ತು. ಕಸದ ಡಬ್ಬ ಹತ್ತು ಹೆಜ್ಜೆ ದೂರ. ಹಾಕಿ ಬರೋಣವೆಂದು ಇಳಿದೆ. ಇಳಿಯುವಾಗ ಬಾಗಿಲ ಒಳಗಿನ ಲಾಕ್ ಗುಂಡಿಯನ್ನು ಒತ್ತಿ ಮುಚ್ಚಿದೆ. ಮಗು ಒಳಗಿದೆ, ಯಾರಾದರೂ ತೆರೆದಾರು ಎಂದು. ಊರಿನಲ್ಲಿ ನೀರಿಗೆ ಹೋದರೂ ಚಿಲಕ ಹಾಕಿ ಹೋಗುತ್ತಿದ್ದ ಕೈ ಅದು. ಡಬ್ಬಿ ಒಳಗಿದ್ದರೆ ಕಾರು ಲಾಕ್ ಆಗಗೊಡುವುದಿಲ್ಲ ಎಂದು ನಿಮ್ಮಪ್ಪ ಹೇಳಿದ್ದರು. ಆದರೆ ಆ ಚಳಿಗೆ ಡಬ್ಬಿ ಪೂರ್ತಿ ಸತ್ತಿತ್ತು. ಅದು ತನ್ನೊಳಗೇ ಇದೆಯೆಂದು ಕಾರಿಗೆ ತಿಳಿಯಲೇ ಇಲ್ಲ.

ಸಿಪ್ಪೆ ಹಾಕಿ ಬಂದು ಹಿಡಿಕೆ ಎಳೆದೆ. ತೆರೆಯಲಿಲ್ಲ. ನಾಲ್ಕೂ ಬಾಗಿಲು ಎಳೆದು ನೋಡಿದೆ. ಹತ್ತಿರದಲ್ಲಿ ಇಬ್ಬರು ಮೂವರು ಕೋಟಿನೊಳಗೆ ತಲೆ ಹುದುಗಿಸಿ ನಡೆದು ಹೋದರು. ನನಗೆ ಇಂಗ್ಲಿಷ್ ಬಾಯಿಗೆ ಬರಲಿಲ್ಲ. "ಬೇಬಿ, ಬೇಬಿ" ಎಂದೆ. ಮುದುಕಿ ಮೊಮ್ಮಗುವನ್ನು ತೋರಿಸುತ್ತಿದ್ದಾಳೆ ಎಂದುಕೊಂಡು ಒಬ್ಬಾಕೆ ನಕ್ಕು, ಕೈಬೀಸಿ ಹೋದಳು. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಯಾವತ್ತೂ ನಿಂತಿರಲಿಲ್ಲ.

ನಿಮ್ಮಮ್ಮ ಬಂದಳು. ಒಂದೇ ನೋಟಕ್ಕೆ ಅವಳಿಗೆ ಅರ್ಥವಾಯಿತು.

"ಅಮ್ಮ, ನೀನು ಡೋರ್ ಲಾಕ್ ಮಾಡಿದ್ಯಾ?"

"ಇಲ್ವಲ್ಲ," ಎಂದೆ.

"ಹಾಗಾದ್ರೆ ತಾನೇ ಲಾಕ್ ಆಗಿದೆ, ಹಾಳಾದ್ದು. ಆ ಕೀ ಕೊಡು. ಇವ್ರು ಕೊಟ್ಟಿದ್ರಲ್ಲ, ಕುಂಕುಮದ್ದು."

"ದೇವರ ಮನೇಲಿದೆ."

ಅವಳು ನನ್ನ ಮುಖವನ್ನೇ ನೋಡಿದಳು. "ದೇವರ ಮನೇಲಾ? ಈಗ ದೇವ್ರು ಪ್ಲೇನ್‌ಫೀಲ್ಡಿಂದ ಬಂದು ಬಾಗ್ಲು ತೆಗೀತಾನಾ?" ಎಂದು ನನ್ನ ಕೋಟಿನ ಜೇಬುಗಳಿಗೆ ತಾನೇ ಕೈಹಾಕಿ ಎರಡನ್ನೂ ಹೊರಕ್ಕೆ ಮಗುಚಿದಳು. ಒಂದು ಕಾಗದದ ಕರವಸ್ತ್ರ, ಎರಡು ಏಲಕ್ಕಿ, ಕೆಮ್ಮಿನ ಮಿಠಾಯಿ. ಅವು ಹಿಮದ ಮೇಲೆ ಬಿದ್ದವು. ಬೇರೇನೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಅಷ್ಟರಲ್ಲಿ ಬಿಳಿ ಗಡ್ಡದ ಲಾರಿ ಡ್ರೈವರೊಬ್ಬ ನಮ್ಮನ್ನು ನೋಡಿ ನಿಂತ. ನಿಮ್ಮಮ್ಮ ಅವನಿಗೆ ವಿಷಯ ಹೇಳಿದಳು. ಅವನು ತನ್ನ ಫೋನಿನಿಂದ ಪೊಲೀಸರನ್ನು ಕರೆದ. ಬರಲು ಇಪ್ಪತ್ತು ನಿಮಿಷವಾಗುತ್ತದೆ ಎಂದರಂತೆ. ಆಗಲೇ ಸುಹಾಸ್, ನಿನ್ನ ಅಳು ಫಕ್ಕನೆ ನಿಂತಿತು. ನಾವು ಗಾಜಿಗೆ ಮುಖ ಒತ್ತಿ ನೋಡಿದೆವು. ನಿನ್ನ ಬಾಯಿ ತೆರೆದಿತ್ತು, ಕೈ ಗಾಳಿಯಲ್ಲಿ ಆಡುತ್ತಿತ್ತು, ಸದ್ದಿಲ್ಲ. ರಸ್ಕಿನ ತುಂಡು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನಿಮ್ಮಮ್ಮ ಚೀರಿದಳು. ಡ್ರೈವರ್ ಫೋನನ್ನು ಅವಳ ಕೈಗೆ ತುರುಕಿ, ಗಾಜು ಒಡೆಯಲು ಸಲಾಕೆ ತರುತ್ತೇನೆಂದು ಲಾರಿಯ ಕಡೆಗೆ ಓಡಿದ. ಲಾರಿಗಳು ನಿಲ್ಲುವ ಜಾಗ ಆ ತುದಿಯಲ್ಲಿ, ಬಹಳ ದೂರ. ಅವಳು ಒಂದು ಕೈಯಲ್ಲಿ ಗಾಜು ಗುದ್ದುತ್ತ ಇನ್ನೊಂದು ಕೈಯಲ್ಲಿ ಮನೆಗೆ ಫೋನ್ ಮಾಡಿದಳು. ಯಾಕೆ ಮಾಡಿದಳೋ, ದಿಕ್ಕು ತೋಚದೆ ಮಾಡಿರಬೇಕು. "ಆ ಕೀ, ಆ ಕೀ" ಎಂದಷ್ಟೇ ಕೂಗುತ್ತಿದ್ದಳು. ನಿಮ್ಮಪ್ಪ ದೇವರ ಮನೆಗೆ ಓಡಿದ್ದು, "ಇಲ್ಲೇ ಇದೆ ಕಣೇ, ನನ್ನ ಕೈಲೇ ಇದೆ, ಏನಾಯ್ತು ಹೇಳು" ಎಂದದ್ದು ನನಗೂ ಕೇಳಿಸಿತು.

ನಾನೂ ಗಾಜು ಗುದ್ದುತ್ತಿದ್ದೆ. ಬೆರಳುಗಳಲ್ಲಿ ಸ್ಪರ್ಶವೇ ಉಳಿದಿರಲಿಲ್ಲ. ಹೊರಕ್ಕೆ ಮಗುಚಿದ್ದ ಜೇಬನ್ನು ಒಳಕ್ಕೆ ತಳ್ಳಿ ಕೈಹಾಕಿದೆ. ಒಳಗೇನೋ ಇತ್ತು. ಮೊದಲು ನನಗೆ ತಿಳಿದದ್ದು ಅದರ ಆಕಾರವಲ್ಲ, ಬಿಸಿ. ಯಾರೋ ಬಹಳ ಹೊತ್ತು ಮುಷ್ಟಿಯಲ್ಲಿ ಬಿಗಿಹಿಡಿದಿದ್ದ ನಾಣ್ಯದ ಹಾಗೆ ಬೆಚ್ಚಗಿತ್ತು. ಹೊರಗೆ ತೆಗೆದೆ. ಕೀ. ಅದೇ ಪುಟ್ಟ ಲೋಹದ ಕೀ. ಅರಿಸಿನವಿಲ್ಲ, ಕುಂಕುಮವಿಲ್ಲ.

ಯೋಚಿಸಲು ಸಮಯವಿರಲಿಲ್ಲ. ಕಾರಿನ ಸ್ಟೀರಿಂಗ್ ಕಡೆಯ ಬಾಗಿಲಿನ ತೂತಿಗೆ ಇಟ್ಟು ತಿರುಗಿಸಿದೆ. ಬಾಗಿಲು ತೆರೆಯಿತು. ಕಾರು ಒಂದೇ ಸಮನೆ ಹಾರ್ನ್ ಹೊಡೆಯತೊಡಗಿತು. ನಿಮ್ಮಮ್ಮ ಫೋನ್ ಬಿಸಾಡಿ ಒಳಗೆ ನುಗ್ಗಿ, ನಿನ್ನನ್ನು ಬೆಲ್ಟಿನಿಂದ ಬಿಡಿಸಿ, ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ತಟ್ಟಿದಳು. ಒಂದು, ಎರಡು, ಮೂರು, ನಾಲ್ಕು. ಒದ್ದೆ ರಸ್ಕಿನ ಚೂರೊಂದು ಹಿಮದ ಮೇಲೆ ಬಿತ್ತು. ನೀನು ಜೋರಾಗಿ ಅಳತೊಡಗಿದೆ. ಆ ಅಳುವನ್ನು ನಾನು ಈಗಲೂ ಕೇಳಬಲ್ಲೆ.

ಡ್ರೈವರ್ ಸಲಾಕೆ ಹಿಡಿದು ಏದುಸಿರು ಬಿಡುತ್ತ ಬಂದ. ಅಳುತ್ತಿರುವ ನಿನ್ನನ್ನು ನೋಡಿ ಟೋಪಿ ತೆಗೆದು ಮುಖ ಒರೆಸಿಕೊಂಡ. ಹಿಮದಲ್ಲಿ ಬಿದ್ದಿದ್ದ ಅವನ ಫೋನಿನಿಂದ ನಿಮ್ಮಪ್ಪ ಇನ್ನೂ "ಹಲೋ, ಹಲೋ" ಎನ್ನುತ್ತಿದ್ದರು. ಕೀ ಅಲ್ಲಿ ಅವರ ಕೈಯಲ್ಲಿತ್ತು. ಇಲ್ಲಿ ನನ್ನ ಕೈಯಲ್ಲೂ ಇತ್ತು. ಮೇಘನಾ, ನೀನು ನನ್ನ ಸೆರಗು ಜಗ್ಗಿ, "ಅಜ್ಜಿ, ಐಯಾಮ್ ಕೋಲ್ಡ್" ಎಂದೆ.

ಇಂಟರ್‌ವ್ಯೂ ಮುಗಿಸಿ ಮನೆಗೆ ಬಂದ ಮೇಲೆ ನಿಮ್ಮಪ್ಪ ಮೂರು ಕೀಗಳನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದು ದೇವರ ಮನೆಯದು, ಒಂದು ಸತ್ತ ಡಬ್ಬಿಯೊಳಗಿನದು, ಒಂದು ನನ್ನ ಜೇಬಿನದು. ಮೂರರ ಕಚ್ಚುಗಳೂ ಒಂದೇ. ಮೊದಲೆರಡರ ಮೇಲೆ ಸಣ್ಣ ಸಂಖ್ಯೆ ಕೊರೆದಿತ್ತು, ಮೂರನೆಯದರ ಮೇಲೆ ಏನೂ ಇರಲಿಲ್ಲ. ಕಾರು ಕೊಂಡ ಕಡೆ ಕೇಳಿದರು. ಕೊಟ್ಟಿದ್ದು ಎರಡೇ ಎಂದರು. "ಎಲ್ಲೋ ಎಕ್ಸ್‌ಟ್ರಾ ಒಂದು ಬಂದಿರ್ಬೇಕು ಅತ್ತೆ, ನಿಮ್ಮ ಕೋಟಲ್ಲಿ ಸೇರ್ಕೊಂಡಿರ್ಬೇಕು," ಎಂದರು. ಆದರೆ ಆ ಜೇಬನ್ನು ಮಗುಚಿ ನೋಡಿದವಳು ನಿಮ್ಮಮ್ಮ.

ಅವಳು ಮಾತ್ರ ಅನುಮಾನವಿಲ್ಲದೆ ಹೇಳುತ್ತಾಳೆ, "ಅಪ್ಪ ಕಣಮ್ಮ, ಅಪ್ಪಾನೇ." ನಿಮ್ಮ ತಾತನೇ ಬಂದು ಕೀ ಇಟ್ಟರು ಎನ್ನುವುದು ಅವಳ ನಂಬಿಕೆ. ನಿಮ್ಮ ತಾತ ಜೀವನದಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸಿದವರಲ್ಲ, ಒಂದು ಕೆಲಸಕ್ಕೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. ಮನೆಗೆ ಬೀಗ ಹಾಕುವ, ತೆಗೆಯುವ ಕೆಲಸ ಯಾವಾಗಲೂ ನನ್ನದೇ. ಅದಿರಲಿ. ಅಷ್ಟು ಹತ್ತಿರ ಬಂದವರು ನನ್ನ ಜೊತೆ ಒಂದು ಮಾತೂ ಆಡದೆ ಹೋಗುತ್ತಿದ್ದರೇ? ಆಮೇಲೆ ಎಷ್ಟೋ ಚಳಿಗಾಲಗಳಲ್ಲಿ, ಮನೆಯಲ್ಲಿ ಯಾರೂ ಇಲ್ಲದಾಗ ಆ ಕೋಟು ಹಾಕಿಕೊಂಡು ಜೇಬಿಗೆ ಕೈಯಿಟ್ಟು ನಿಂತಿದ್ದೇನೆ. ತಣ್ಣಗಿನ ಬಟ್ಟೆಯ ಹೊರತು ಏನೂ ಸಿಕ್ಕಿಲ್ಲ.

ನೀವಿಬ್ಬರೂ ಈಗ ಕಾರು ಓಡಿಸುತ್ತೀರಿ. ಹಳದಿ ದೀಪ ಹೊತ್ತಿದ ದಿನವೇ ಬ್ಯಾಟರಿ ಬದಲಿಸಿ. ಡಬ್ಬಿಯನ್ನು ಕಾರಿನಲ್ಲಿ ಬಿಟ್ಟು ಇಳಿಯಬೇಡಿ. ಒಳಗಿನ ಕೀಯನ್ನು ಬೇರೆ ತೆಗೆದು ಮೈಮೇಲೆ ಇಟ್ಟುಕೊಳ್ಳಿ, ಕುಂಕುಮ ಹಚ್ಚಿದ್ದರೂ ಚಿಂತೆಯಿಲ್ಲ. ನನಗೆ ಒದಗಿದ್ದು ಎಲ್ಲರಿಗೂ ಒದಗುತ್ತದೆ ಎಂದು ನಂಬಿಕೊಂಡು ಕೂರುವಂತಿಲ್ಲ.

ಆ ಕೀ ಎಲ್ಲಿಂದ ಬಂತೆಂದು ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವ ಕಾಲವೂ ಮುಗಿಯಿತು. ಆದರೆ ಕಾರು ತಾನೇ ಲಾಕ್ ಆಯಿತು ಎಂದು ನಿಮ್ಮಮ್ಮ ಇವತ್ತಿಗೂ ಎಲ್ಲರ ಮುಂದೆ ಹೇಳುತ್ತಾಳೆ. ಪಕ್ಕದಲ್ಲಿ ಕೂತು ನಾನು ಕೇಳಿಸಿಕೊಳ್ಳುತ್ತೇನೆ. ಅದು ತಾನೇ ಲಾಕ್ ಆಗಲಿಲ್ಲ ಸುಹಾಸ್. ನಿನ್ನ ಕೈಗೆ ರಸ್ಕ್ ಕೊಟ್ಟವಳೂ ನಾನು, ಗುಂಡಿ ಒತ್ತಿದವಳೂ ನಾನು, ಇಲ್ಲವೆಂದು ಸುಳ್ಳು ಹೇಳಿದವಳೂ ನಾನು. ಇದನ್ನು ಅವಳಿಗೆ ಓದಿ ಹೇಳಬೇಕೋ ಬೇಡವೋ ನೀವೇ ನೋಡಿ. ನನ್ನ ಬಾಯಿಂದ ಇದು ಎಂದೂ ಹೊರಡುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ, ಮಕ್ಕಳೇ, ಈ ಹಾಳೆಗಳನ್ನು ಮಾತ್ರ ಕಳೆಯಬೇಡಿ.