ಮೊರಿಯಾ ಬರೆದ ಕೊನೆಯ ಮುಖ

ಗೌಸ್ ಜಂಬದ ಮನುಷ್ಯ. ಅವನು ತನ್ನ ತಪ್ಪನ್ನು ಒಪ್ಪಿಕೊಂಡದ್ದನ್ನು ಅಮೆರಿಕದ ನಮ್ಮ ಈ ಓಲ್ಡ್ ಬ್ರಿಡ್ಜ್ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಹನ್ನೆರಡು ವರ್ಷದಿಂದ ಪಕ್ಕದ ಮನೆಯಲ್ಲಿರುವ ನಾನಂತೂ ಕಂಡಿರಲಿಲ್ಲ. ಕಾರು ಕಂಬಕ್ಕೆ ಗುದ್ದಿದರೆ ತಪ್ಪು ಕಂಬದ್ದು, ಬಿರಿಯಾನಿ ತಳ ಹಿಡಿದರೆ ತಪ್ಪು ಹೆಂಡತಿ ಖತೀಜಾಳದ್ದು.

ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಬೊಂಬೆ ಕಡೆಯುವವರ ಮನೆಯಲ್ಲಿ. ಇಲ್ಲಿಗೆ ಬಂದ ಮೇಲೆ ಕ್ರ್ಯಾನ್‌ಬರಿಯ ಗೋದಾಮೊಂದರಲ್ಲಿ ಸರಕೆತ್ತುವ ಫೋರ್ಕ್‌ಲಿಫ್ಟ್ ಓಡಿಸಿದ. ಒಂದು ದಿನ ಅಲ್ಲಿ ಪೆಟ್ಟಿಗೆಯೊಂದು ಒಡೆದು, ಕೈಕಾಲಿಲ್ಲದ ಮರದ ಬೊಂಬೆಗಳು ನೆಲದ ಮೇಲೆ ಉರುಳಿದವು. ಜಪಾನಿನ ಕೊಕೆಶಿ ಬೊಂಬೆಗಳು. ಗೌಸ್ ಒಂದನ್ನು ಕೈಗೆತ್ತಿಕೊಂಡು, ತನ್ನ ಮನೆಯ ಬೊಂಬೆಗಳಂತೆ ಇದನ್ನೂ ಲೇತಿಗೆ ಹಾಕಿ ಕಡೆದ ಗುರುತು ನೋಡಿದ. ಭಾನುವಾರ ಪೆಟ್ಟಿಗೆಯ ಮೇಲಿದ್ದ ವಿಳಾಸ ಹುಡುಕಿಕೊಂಡು ತಾನೇ ಹೋದ. ಹಾಗೆ ಸಿಕ್ಕಿದವರು ಮೊರಿಯಾ. ಉತ್ತರ ಜಪಾನಿನ ತಮ್ಮ ಊರಿನ ಬೊಂಬೆಗಳನ್ನು ತರಿಸಿ, ಗರಾಜಿನಲ್ಲಿ ತಾವೂ ಕಡೆದು, ಆ ಕಸುಬನ್ನು ಅಮೆರಿಕದವರಿಗೆ ತೋರಿಸುತ್ತಿದ್ದ ವಿಧುರ.

ಅಲ್ಲಿಂದ ಪ್ರತಿ ಶನಿವಾರ ಗೌಸ್ ಆ ಗರಾಜಿನಲ್ಲಿ. ಮೊದಲ ಬೊಂಬೆಗೆ ಊರಿನ ಅಭ್ಯಾಸದಂತೆ ಅರಗು ಒತ್ತಿ ಫಳಫಳ ಹೊಳೆಯುವಂತೆ ಮಾಡಿದ. ಮೊರಿಯಾ ಅದನ್ನು ಬಹಳ ಹೊತ್ತು ನೋಡಿ, "ಪಾಪ, ಇದಕ್ಕಿನ್ನು ವಯಸ್ಸಾಗುವುದಿಲ್ಲ" ಎಂದರಂತೆ. ಕೊಕೆಶಿಗೆ ತೆಳುವಾಗಿ ಮೇಣ ಸವರುತ್ತಾರೆ, ಅಷ್ಟೇ. ಮನೆಯವರ ಜೊತೆ ಮರವೂ ಮುಪ್ಪಾಗಬೇಕು.

ಗೌಸ್ ನನಗೆ ವರದಿ ಒಪ್ಪಿಸಿದ್ದು ಹೀಗೆ: "ಜಪಾನಿನೋರಿಗೆ ಪಾಲಿಶ್ ಅಂದ್ರೇನು ಅಂತ್ಲೇ ಗೊತ್ತಿಲ್ಲ ಆಂಟಿ. ಎಲ್ಲಾ ನಾನೇ ಕಲಿಸ್ಬೇಕು!"

ಆರು ವರ್ಷದ ನಂತರ ಮೊರಿಯಾರ ಕೈ ನಡುಗತೊಡಗಿತು. ಕಡೆಯುವುದು ಪೂರ್ತಿಯಾಗಿ ಗೌಸನ ಪಾಲಾಯಿತು. ಮುಖ ಬರೆಯುವುದನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ಮುಖ ಬರೆದವನದೇ ಬೊಂಬೆ ಎಂಬುದು ಅವರ ಮನೆತನದ ಕಟ್ಟಳೆ.

ಪ್ರತಿ ಏಪ್ರಿಲ್‌ನಲ್ಲಿ ಪ್ರಿನ್ಸ್‌ಟನ್‌ನ ಸಭಾಂಗಣವೊಂದರಲ್ಲಿ ಜಪಾನಿ ಕಸುಬುಗಳ ಮೇಳ ನಡೆಯುತ್ತದೆ. ಮೊರಿಯಾ ಅಲ್ಲಿ ಜನರೆದುರು ಬೊಂಬೆಗೆ ಮುಖ ಬರೆದು ತೋರಿಸುತ್ತಿದ್ದರು. ಕಳೆದ ಬಾರಿ ನಾನೂ ಹೋಗಿದ್ದೆ. ಬಾಗಿಲಲ್ಲೇ ಒಬ್ಬ ಪುಟ್ಟ ಬಟ್ಟಲುಗಳಲ್ಲಿ ಸಾಕೆ, ಅಂದರೆ ಅಕ್ಕಿಯ ಮದ್ಯ, ರುಚಿಗೆ ಕೊಡುತ್ತಿದ್ದ.

"ನಂಗ್ ಬೇಡಪ್ಪ," ಎಂದು ಗೌಸ್ ಕೈಯಾಡಿಸಿ, ನನ್ನತ್ತ ತಿರುಗಿದ. "ಕುಡೀದೇನೇ ಇಷ್ಟು ಮಾತಾಡ್ತೀನಿ, ಅಲ್ವಾ ಆಂಟಿ?"

ಮೇಳ ನಡೆಸುವ ಮಾಧವಿ ಅವನನ್ನು ಪಕ್ಕಕ್ಕೆ ಕರೆದಳು. "ಗೌಸ್ ಅಂಕಲ್, ಲಾಸ್ಟ್ ಇಯರ್ ಜನ ನೋಡಕ್ಕಾಗ್ದೆ ಎದ್ದು ಹೋದ್ರು. ಇವತ್ತೂ ಮೊರಿಯಾ ಅವರ ಕೈ ನಡುಗಿ ಕೆಟ್ರೆ, ನೆಕ್ಸ್ಟ್ ಇಯರ್ ಅವರನ್ನ ಕೂರಿಸಲ್ಲ, ಹಳೇ ವಿಡಿಯೊ ಹಾಕ್ಬಿಡ್ತೀವಿ. ಮುಖ ನೀವೇ ಬರೀಬಹುದಲ್ವಾ?"

"ಬರೀಬಹುದು. ಅವರಿಗಿಂತ ಚೆನ್ನಾಗೇ ಬರೀತೀನಿ."

ಮುದುಕನ ಕುರ್ಚಿಯ ಮೇಲೆ ಇವನಿಗೆ ಕಣ್ಣಿದೆ ಎಂದುಕೊಂಡೆ. ವಿಡಿಯೊದ ಮಾತನ್ನು ಮಾಧವಿ ಮೊರಿಯಾರಿಗೂ ಮೊದಲೇ ತಿಳಿಸಿದ್ದಳು. ಕುಂಚ ಹಿಡಿಯುವ ಮೊದಲು ಅವರು ಬಲಗೈಯನ್ನು ಬಹಳ ಹೊತ್ತು ಎಡಗೈಯಿಂದ ಅದುಮಿ ಹಿಡಿದಿದ್ದರು. ಅದು ಅವರ ಕೊನೆಯ ಮೇಳ. ಅದೇ ವರ್ಷದ ಕೊನೆಗೆ, ಚಳಿಗಾಲದಲ್ಲಿ ತೀರಿಕೊಂಡರು. ಅಂದು ಅದು ಯಾರಿಗೂ ಗೊತ್ತಿರಲಿಲ್ಲ.

ಗೌಸ್ ಕಡೆದ ಬೊಂಬೆಗೆ ಅವರು ಕೂದಲು ಬರೆದರು, ಮೂಗು ಬರೆದರು, ಒಂದು ಕಣ್ಣನ್ನೂ ಬರೆದರು. ನಲವತ್ತು ಜನ ಕತ್ತು ಚಾಚಿ ಕೂತಿದ್ದರು. ಎರಡನೆಯ ಕಣ್ಣಿಗೆ ಬರುವ ಹೊತ್ತಿಗೆ ಕುಂಚದ ತುದಿ ಅದುರತೊಡಗಿತು. ಮಾಧವಿ ಗೋಡೆಯ ಬಳಿ ಕೈಕಟ್ಟಿ ನಿಂತು ನೋಡುತ್ತಿದ್ದಳು.

ಮೊರಿಯಾರ ಪಕ್ಕದಲ್ಲಿ ಕೂತಿದ್ದ ಗೌಸ್ ಮೊಣಕಾಲೆತ್ತಿ ಮೇಜಿನ ತಳಕ್ಕೆ ಗುದ್ದಿದ. ಮುಂದಿನ ಸಾಲಿನಲ್ಲಿದ್ದ ನನಗೆ ಅದು ಸ್ಪಷ್ಟವಾಗಿ ಕಂಡಿತು. ಮೇಜು ಹಾರಿತು, ಮಸಿಯ ಬಟ್ಟಲು ಮಗುಚಿತು, ಬೊಂಬೆಯ ಕಣ್ಣಿನಿಂದ ಕಿವಿಯವರೆಗೆ ಕಪ್ಪು ಗೆರೆ ಬಿತ್ತು.

"ಸಾರಿ, ಸಾರಿ! ಮೈ ಫಾಲ್ಟ್!" ಗೌಸ್ ಇಡೀ ಸಭಾಂಗಣಕ್ಕೆ ಕೇಳುವಂತೆ ಕೂಗಿದ. ಆಮೇಲೆ ಮಾಧವಿಯತ್ತ ತಿರುಗಿ, "ನನ್ನಿಂದ್ಲೇ ಹಾಳಾಯ್ತಮ್ಮ, ಅವರು ಚೆನ್ನಾಗೇ ಬರೀತಿದ್ರು" ಎಂದು, ತನ್ನ ಬಿಳಿ ಅಂಗಿಯ ತೋಳಿನಿಂದ ಮಸಿ ಒರೆಸತೊಡಗಿದ.