ಬೆಚ್ಚನೆಯ ಕೈಗಳ ಬೆಳಗಿನ ಸರದಿ

ಹೋಬಾರ್ಟ್ ನಗರದ ಅಂಚಿನ ಗ್ಲೆನಾರ್ಕಿಯ ಆ ಪುಟ್ಟ ಮನೆಯ ಹಿಂಬಾಗಿಲು ತೆರೆಯುವ ಹೊತ್ತಿಗೆ ಇನ್ನೂ ಬೆಳಕು ಹರಿದಿಲ್ಲ. ಅಂಗಳದ ಹುಲ್ಲು ಹೆಪ್ಪುಗಟ್ಟಿ ಬೆಳ್ಳಗಾಗಿದೆ. ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದು. ಬ್ರಾನ್ ಟ್ರಿಫಿಟ್ ಸೈಕಲ್ ಹಿಡಿದು ಮೆಟ್ಟಿಲ ಬಳಿ ಸುಮ್ಮನೆ ನಿಲ್ಲುತ್ತಾರೆ. ಹತ್ತುವ ಅವಸರವಿಲ್ಲ. ಒಂದು ಗಳಿಗೆಯಲ್ಲಿ ಮೈ ಸಣ್ಣಗೆ ನಡುಗುತ್ತದೆ.

"ಹಾಂ, ಬಂತು," ಎನ್ನುತ್ತಾರೆ ಸಮಾಧಾನದಿಂದ. "ಬಾಗಿಲಲ್ಲೇ ಬೆಚ್ಚಗಿದ್ರೆ ಜಾಸ್ತಿ ಹಾಕ್ಕೊಂಡಿದೀನಿ ಅಂತ ಲೆಕ್ಕ. ಒಂದು ಬಿಚ್ಚಿಟ್ಟೇ ಹೋಗ್ಬೇಕು. ಹೊರಡೋವಾಗ ಚಳಿ ಆಗ್ಬೇಕು, ತಲುಪೋವಾಗ ಹಿತ ಆಗ್ಬೇಕು."

ಅವರ ಸೈಕಲ್ಲಿನ ಹಿಡಿಕೆಗೆ ಎರಡು ಕಪ್ಪು ತೋಳುಗಳಿವೆ. ದಪ್ಪ ರಬ್ಬರಿನ ತೋಳುಗಳು. ಬ್ರಾನ್ ಅವುಗಳೊಳಕ್ಕೆ ಕೈ ತೂರಿಸಿ ಬ್ರೇಕು ತಡಕಿ ನೋಡುತ್ತಾರೆ. ಹಿಂದೆ ಎರಡು ಕೆಂಪು ದೀಪ. ಒಂದು ಕೆಟ್ಟರೆ ಇನ್ನೊಂದು. ಎರಡೂ ಕಣಕಾಲಿಗೆ ಬೆಳಕಿಗೆ ಮಿನುಗುವ ಪಟ್ಟಿ. "ಬೆನ್ನ ಮೇಲಿನ ಪಟ್ಟಿ ಬರೀ ಹೊಳೆಯುತ್ತೆ. ಕಾಲಿಂದು ಮೇಲೆ ಕೆಳಗೆ ಕುಣಿಯುತ್ತಲ್ಲ, ನಿದ್ದೆಗಣ್ಣಲ್ಲಿ ಲಾರಿ ಓಡಿಸೋನಿಗೂ ಇದು ಮನುಷ್ಯರು ಅಂತ ಗೊತ್ತಾಗುತ್ತೆ." ಹಳೆಯ ರೈಲು ಹಳಿಯ ಪಕ್ಕದ ಸೈಕಲ್ ದಾರಿ ಹಿಡಿದು ಅವರು ಕತ್ತಲಲ್ಲಿ ಕರಗುತ್ತಾರೆ. ಕೆಂಪು ದೀಪಗಳು ತಿರುವಿನವರೆಗೂ ಮಿನುಗಿ ಮರೆಯಾಗುತ್ತವೆ.

ಐವತ್ನಾಲ್ಕರ ಬ್ರಾನ್ ಹೋಬಾರ್ಟಿನ ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದ ಮಹಿಳೆ. ಬೆಳಗಿನ ಸರದಿ ಎಂದರೆ ಎಬ್ಬಿಸಿ, ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ಚಹಾ ಕೈಗಿಟ್ಟು ಮುಂದಿನ ಮನೆಗೆ ಹೊರಡುವುದು. ಈ ಕೆಲಸದ ಬಹುತೇಕರು ಕಾರಿನಲ್ಲಿ ಓಡಾಡುತ್ತಾರೆ. ಬ್ರಾನ್‌ಗೆ ಕಾರು ಒಲಿಯಲಿಲ್ಲ. "ಡ್ರೈವಿಂಗ್ ಪರೀಕ್ಷೆ ಮೂರು ಸಲ ಕೊಟ್ಟೆ, ಮೂರು ಸಲಾನೂ ಫೇಲು. ಕೊನೇ ಸಲ ಪರೀಕ್ಷೆ ಮಾಡೋ ಪುಣ್ಯಾತ್ಮ ಅರ್ಧ ದಾರೀಲೇ ಇಳಿದು ನಡ್ಕೊಂಡು ಹೋದ," ಎಂದು ಅವರು ನಗುತ್ತಾರೆ.

ಬೇಸಿಗೆಯಲ್ಲಿ ಸೈಕಲ್ ಯಾರಿಗೂ ತೊಡಕಾಗಿರಲಿಲ್ಲ. ತೊಡಕಾದದ್ದು ಹೋದ ವರ್ಷದ ಚಳಿ.

ಲೀನಾ ವ್ಯಾಲಿ ಬಡಾವಣೆಯ ಏರಿನ ಮೇಲೆ ಕ್ಲಾರಿ ಓಕ್‌ಫರ್ಡ್ ಎಂಬ ಅಜ್ಜ ಒಬ್ಬರೇ ಇದ್ದಾರೆ. ಸತುವಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ವಯಸ್ಸು ತೊಂಬತ್ತರ ಹತ್ತಿರ, ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು, ನಾಲಿಗೆ ಮಾತ್ರ ಇನ್ನೂ ಹರಿತ. ಹೋದ ವರ್ಷ ಬ್ರಾನ್ ತಣ್ಣನೆಯ ಕೈಗಳೊಂದಿಗೆ ಒಳಗೆ ಬಂದರೆ ಸಾಕು, "ಬಂತಪ್ಪಾ ಮೀನಂಗಡಿ ಕೈ!" ಎಂದು ಕೂಗುತ್ತಿದ್ದರು. ಒಂದು ಬೆಳಗ್ಗೆ ಅದು ತಮಾಷೆಯಾಗಿ ಉಳಿಯಲಿಲ್ಲ. ಬಚ್ಚಲಲ್ಲಿ ಬ್ರಾನ್‌ರ ಮರಗಟ್ಟಿದ ಕೈ ಬೆನ್ನಿಗೆ ತಾಗಿದ್ದೇ ಕ್ಲಾರಿ ಬೆಚ್ಚಿ ಜಾರಿದರು. ಗೋಡೆಯ ಕಂಬಿ ಸಿಕ್ಕಿತು, ಬೀಳಲಿಲ್ಲ. ಆದರೆ ಮುಂಗೈ ಚರ್ಮ ಸುಲಿದು ರಕ್ತ ಬಂತು. ಬಟ್ಟೆ ಸುತ್ತಲು ಹೋದರೆ ಬ್ರಾನ್‌ರ ಬೆರಳುಗಳು ಗಂಟು ಹಾಕುವಷ್ಟೂ ಮಡಚಲಿಲ್ಲ.

ಸರದಿ ಹಂಚುವ ಶೆರಿಡನ್ ಮರುದಿನ ಕರೆದು ಕೂರಿಸಿದರು. "ನಿನ್ನ ಮೇಲೆ ಕೋಪ ಇಲ್ಲ ಕಣೇ ಬ್ರಾನ್. ಆದ್ರೆ ಐಸು ಕೈಲಿ ಮುದುಕರನ್ನ ಮುಟ್ಟೋಕಾಗಲ್ಲ. ಮುಂದಿನ ಚಳಿಗಾಲ ಒಂದು ನೋಡ್ತೀನಿ. ಮತ್ತೆ ಹೀಗಾದ್ರೆ ಬೆಳಗಿನ ಸರದಿ ಕಾರಿರೋರಿಗೆ ಕೊಟ್ಬಿಡ್ತೀನಿ."

ಬೆಳಗಿನ ಸರದಿ ಹೋದರೆ ಬ್ರಾನ್‌ಗೆ ಅರ್ಧ ಕೆಲಸ ಹೋದಂತೆ, ಕ್ಲಾರಿಯೂ ಹೋದಂತೆ. "ಅವಳು ಹೇಳಿದ್ದು ಸುಳ್ಳಾಗಿದ್ರೆ ಜಗಳ ಆಡ್ತಿದ್ದೆ," ಎನ್ನುತ್ತಾರೆ ಬ್ರಾನ್. "ನಿಜ ಆಗಿತ್ತು. ಅದಕ್ಕೇ ನಿದ್ದೆ ಬರ್ಲಿಲ್ಲ."

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಅವರೂ ಮಾಡಿದರು: ಅಂಗಡಿಯಲ್ಲಿ ಎಲ್ಲಕ್ಕಿಂತ ದಪ್ಪನೆಯ ಜಾಕೆಟ್ ಕೊಂಡರು. ಮಳೆ ಒಳಗೆ ಬರಲಿಲ್ಲ, ಬೆವರು ಹೊರಗೆ ಹೋಗಲಿಲ್ಲ. ಏರು ಹತ್ತುವಾಗ ತೊಯ್ದ ಮೈ ಇಳಿಜಾರಿನ ಗಾಳಿಗೆ ಕಲ್ಲಾಯಿತು. ದಪ್ಪ ಕೈಗವಸು ಹಾಕಿದರೆ ಬ್ರೇಕು ಬೆರಳಿಗೆ ಸಿಗದೆ ಯಾರದೋ ಬೇಲಿಯೊಳಗೆ ನುಗ್ಗಿದರು. ಆಮೇಲೆ ಹಳೆ ಬಟ್ಟೆ ಅಂಗಡಿಗಳಲ್ಲಿ ಒಂದೊಂದಾಗಿ ಹುಡುಕಾಟ. ಮೈಗೆ ತಾಗುವಂತೆ ತೆಳು ಉಣ್ಣೆ ಬನಿಯನ್ನು; ಒದ್ದೆಯಾದರೂ ತಣ್ಣಗಾಗದು. ಹತ್ತಿ ಬಟ್ಟೆ ಬೇಡವೇ ಬೇಡ. ಮೇಲೆ ಎದೆಗೆ ಗಾಳಿ ತಡೆಯುವ, ಬೆನ್ನಿಗೆ ಉಸಿರಾಡುವ ಹಗುರ ಅಂಗಿ. ಕಾಲುಚೀಲದ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಶೂ. ಮೈ ಗೆದ್ದಿತು, ಪಾದ ಗೆದ್ದಿತು. ಕೈ ಮಾತ್ರ ಗೆಲ್ಲಲಿಲ್ಲ.

ಉತ್ತರ ಸಿಕ್ಕಿದ್ದು ತಮ್ಮ ಕೆಲ್ವಿನ್‌ನ ಮನೆಯ ಊಟದ ಮೇಜಿನಲ್ಲಿ. ಅವನು ದಕ್ಷಿಣದ ಡೋವರ್‌ನಲ್ಲಿ ಸಮುದ್ರದಲ್ಲಿ ಮುಳುಗಿ, ಬಂಡೆಗೆ ಅಂಟಿರುವ ಅಬಲೋನಿ ಎಂಬ ತಿನ್ನುವ ಚಿಪ್ಪುಜೀವಿಯನ್ನು ಕೀಳುವವನು.

"ಕೆಲ್, ಅಷ್ಟು ಹೊತ್ತು ನೀರೊಳಗೆ ಇರ್ತೀಯಲ್ಲ, ಬೆರಳು ಹೇಗೋ ಆಡುತ್ತೆ?"

"ಬೆರಳು ನೋಡ್ಕೊಂಡ್ರೆ ಬೆರಳು ಆಡಲ್ಲ ಕಣೇ ಪೆದ್ದಿ. ಮಣಿಕಟ್ಟು, ಮುಂಗೈ ಬೆಚ್ಚಗಿಡ್ಬೇಕು. ರಕ್ತ ಅಲ್ಲಿಂದ ತಾನೆ ಬೆರಳಿಗೆ ಹೋಗೋದು?"

ಹೊರಗೆ ತಂತಿಯ ಮೇಲೆ ಅವನ ಹಳೆಯ ರಬ್ಬರಿನ ಮುಳುಗು ಉಡುಪು, ಮಂಡಿ ಹರಿದು ನೇತಾಡುತ್ತಿತ್ತು. ಬ್ರಾನ್ ಊಟ ನಿಲ್ಲಿಸಿ ಅದನ್ನೇ ನೋಡಿದರು. "ಅದನ್ನ ಎಸೀತೀಯಾ?"

"ಯಾಕೆ? ಸೈಕಲ್ ಸಮೇತ ಸಮುದ್ರಕ್ಕೆ ಇಳಿಯೋ ಪ್ಲಾನಾ?"

ಆ ಉಡುಪಿನ ಎರಡು ತೋಳುಗಳೇ ಈಗ ಸೈಕಲ್ಲಿನ ಹಿಡಿಕೆಗೆ ಬಂದಿವೆ. ಒಳಗೆ ಕೈಗೆ ತೆಳು ಉಣ್ಣೆಯ ಗವಸು ಸಾಕು. ಬ್ರೇಕು, ಗೇರು ಎರಡೂ ಬೆರಳಿಗೆ ಸಿಗುತ್ತವೆ. ಮುಂಗೈಗೆ ಹಳೆಯ ಕಾಲುಚೀಲದ ಪಾದ ಕತ್ತರಿಸಿ ಮಾಡಿದ ಉಣ್ಣೆ ಪಟ್ಟಿ. ಇನ್ನೊಂದು ಜೊತೆ ಒಣ ಗವಸು ಬನಿಯನ್ನಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಬರುತ್ತದೆ. ಮುದುಕರ ಮನೆ ಬಾಗಿಲಲ್ಲಿ ಅದು ಕೈಗೇರುತ್ತದೆ. "ಮೊದಲ ವಾರ ದಾರೀಲಿ ಸಿಗೋ ಮೂನಾದ ಬೆಕ್ಕುಗಳೆಲ್ಲ ನನ್ನ ಹಿಂದೇನೇ! ಅಷ್ಟು ಚಿಪ್ಪಿನ ವಾಸನೆ. ಕ್ಲಾರಿ ಅಂತೂ, ಕೈ ಸರಿಹೋಯ್ತು, ಈಗ ಪೂರ್ತಿ ಅಂಗಡಿನೇ ಬಂತು ಅಂದ್ರು."

ನಿಜವಾದ ಪರೀಕ್ಷೆ ಎದುರಾದದ್ದು ಈ ಜುಲೈ ಕೊನೆಯಲ್ಲಿ, ಇಲ್ಲಿನ ನಡು ಚಳಿಗಾಲದಲ್ಲಿ. ರಾತ್ರಿ ಮಳೆ ಸುರಿದು ನಿಂತಿತು, ಆಕಾಶ ತಿಳಿಯಾಯಿತು, ಬೆಳಗಿನ ಜಾವಕ್ಕೆ ರಸ್ತೆಗಳೆಲ್ಲ ಹೆಪ್ಪುಗಟ್ಟಿ ಗಾಜಾದವು. ಬಸ್ಸು ಹೊರಡಲಿಲ್ಲ. ಶೆರಿಡನ್ ಫೋನು ಮಾಡಿದರು: ಅವರ ಕಾರು ಜಾರಿ ಪಕ್ಕದ ಮನೆಯ ಬೇಲಿಗೆ ಒರಗಿ ನಿಂತಿತ್ತು. "ಯಾರೂ ಹೊರಡ್ಬೇಡಿ. ಕರಗಿದ ಮೇಲೆ ನೋಡೋಣ."

"ಕ್ಲಾರಿ ಕಾಯಲ್ಲ ಶೆರಿ," ಎಂದರು ಬ್ರಾನ್. "ಯಾರೂ ಬರದಿದ್ರೆ ತಾವೇ ಏಳ್ತಾರೆ. ಎದ್ರೆ ಬೀಳ್ತಾರೆ."

ಹಿಡಿತ ಸಿಗಲೆಂದು ಟೈರಿನ ಗಾಳಿ ಸ್ವಲ್ಪ ಬಿಟ್ಟು, ಸಮತಟ್ಟಿನ ಸೈಕಲ್ ದಾರಿಯಲ್ಲಿ ಹಿಡಿಕೆ ಹೊರಳಿಸದೆ, ಬ್ರೇಕು ಒತ್ತದೆ, ನಡೆದಷ್ಟೇ ನಿಧಾನವಾಗಿ ಅವರು ಸಾಗಿದರು. ಸೇತುವೆಗಳ ಮೇಲೆ ಇಳಿದು ತಳ್ಳಿದರು. ಲೀನಾ ವ್ಯಾಲಿಯ ಏರು ಬಂದಾಗ ಚೀಲದಿಂದ ದೊಡ್ಡ ಉಣ್ಣೆ ಕಾಲುಚೀಲ ತೆಗೆದು ಶೂಗಳ ಮೇಲೆಯೇ ಎಳೆದುಕೊಂಡರು. ಉಣ್ಣೆ ಹಿಮವನ್ನು ಕಚ್ಚಿ ಹಿಡಿಯುತ್ತದೆ. ರಸ್ತೆಯ ತುಂಬ ಕಾರುಗಳು ಅಡ್ಡಡ್ಡ ನಿಂತಿದ್ದವು. ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದವನೊಬ್ಬ ಕೂಗಿದ: "ಏನ್ ತಾಯಿ, ಶೂಗೆ ಸ್ವೆಟರ್ ಹಾಕ್ಕೊಂಡು ಎಲ್ಲಿಗೆ ಸವಾರಿ?"

"ಕೆಲಸಕ್ಕೆ! ನೀನು?"

"ನನ್ನ ಕಾರು ಬರಲ್ಲ ಅಂತಿದೆ!"

"ಹಾಗಾದ್ರೆ ಅದಕ್ಕೂ ಒಂದು ಜೊತೆ ತೊಡಿಸು!"

ಕ್ಲಾರಿ ಹಾಸಿಗೆಯ ಅಂಚಿನಲ್ಲಿ ಕೂತು, ನಡೆದಾಡಲು ಆಸರೆಯಾದ ಕಂಬಿಚೌಕಟ್ಟಿನ ಮೇಲೆ ಎರಡೂ ಕೈ ಊರಿ, ಇನ್ನೇನು ಏಳುವುದರಲ್ಲಿದ್ದರು. "ತಡ ಮಾಡ್ದೆ," ಎಂದು ಗದರಿದರು. ಬ್ರಾನ್ ಗವಸು ಕಳಚಿ ಅಂಗೈಯನ್ನು ಅವರ ಬೆನ್ನಿಗಿಟ್ಟರು. ಮುದುಕರ ಭುಜ ಹಳೆಯ ಅಭ್ಯಾಸದಿಂದ ಬಿಗಿಯಿತು. ಮತ್ತೆ ಮೆಲ್ಲಗೆ ಇಳಿಯಿತು. ಟವೆಲ್ ತರಲು ಬ್ರಾನ್ ತಿರುಗಿದರೆ ಹಿಂದಿನಿಂದ ದನಿ ಬಂತು.

"ಎಲ್ಲಿಗೆ ಓಡ್ತೀಯಾ? ಕೈ ಅಲ್ಲೇ ಇರ್ಲಿ ಸ್ವಲ್ಪ."

ಹೊರಬರುವಾಗ ಮತ್ತೆ ಶೆರಿಡನ್ ಫೋನು. "ಬ್ರಾನ್, ನ್ಯೂ ಟೌನ್‌ನಲ್ಲಿ ಇನ್ನಿಬ್ಬರು ಹಾಸಿಗೇಲೇ ಇದಾರೆ. ನಿಂಗೆ ಹೋಗೋಕಾಗುತ್ತಾ?"

"ಆಗುತ್ತೆ. ಆದ್ರೆ ನನ್ಹತ್ರ ಕಾರಿಲ್ಲ. ಪರವಾಗಿಲ್ವಾ?"

ಆ ಕಡೆಯಿಂದ ಜೋರು ನಗು. "ಬಾಯ್ಮುಚ್ಕೊಂಡು ಹೋಗೇ ಮಾರಾಯ್ತಿ!"

ಈಗ ಆಗಸ್ಟ್ ಮುಗಿಯುತ್ತಿದೆ. ಕಚೇರಿಯ ಗೋಡೆಯ ಮೇಲಿನ ಹೊಸ ಪಟ್ಟಿಯಲ್ಲಿ ವಾರದ ಪ್ರತಿ ಬೆಳಗಿನ ಸರದಿಯ ಮುಂದೆಯೂ ಬ್ರಾನ್‌ರ ಹೆಸರಿದೆ. ಶೆರಿಡನ್ ಅದರ ಕೆಳಗೆ ಒದ್ದೆ ಬಟ್ಟೆ ಒಣಗಿಸಲು ಬಿಸಿ ಕಂಬಿಯನ್ನೂ ಹಾಕಿಸಿದ್ದಾರೆ. ಭಾನುವಾರ ಬ್ರಾನ್‌ರ ಶೆಡ್ಡಿಗೆ ಸಹೋದ್ಯೋಗಿಗಳು ತಮ್ಮ ಸೈಕಲ್ಲುಗಳೊಂದಿಗೆ ಬರುತ್ತಾರೆ. ಡೋವರ್‌ನ ಮುಳುಗುಗಾರರ ಹರಿದ ಉಡುಪುಗಳು ಅಲ್ಲಿ ರಾಶಿ ಬಿದ್ದಿವೆ. ಅಳತೆ ತೆಗೆಯುವ ಮೊದಲು ಬ್ರಾನ್ ಒಬ್ಬೊಬ್ಬರನ್ನೂ ಮೆಟ್ಟಿಲ ಮೇಲೆ ನಿಲ್ಲಿಸುತ್ತಾರೆ. "ಚಳಿ ಆಗ್ತಿದೆಯಾ? ಇಲ್ವಾ? ಬಿಚ್ಚು ಒಂದು!"

ಈ ಬರಹದ ಜೊತೆ ಪತ್ರಿಕೆಗೆ ಫೋಟೋ ಬೇಕೆಂದಾಗ ಅವರು ಮುಖ ತಿರುಗಿಸಿ ಸೈಕಲ್ಲನ್ನು ಮುಂದೆ ತಳ್ಳಿದರು. ಇನ್ನೇನಾದರೂ ಆಸೆ ಇದೆಯೇ ಎಂದರೆ ತುಸು ಯೋಚಿಸಿ, ಕ್ಲಾರಿಯ ತೊಂಬತ್ತನೇ ಹುಟ್ಟುಹಬ್ಬ ಮುಂದಿನ ಚಳಿಗಾಲಕ್ಕಿದೆ, ಅಂದು ಬೆಳಗ್ಗೆಯೂ ತಾವೇ ಎಬ್ಬಿಸಬೇಕು ಎಂದರು. ಆಮೇಲೆ ಕಪ್ಪು ತೋಳುಗಳೊಳಗೆ ಕೈ ತೂರಿಸುತ್ತಾ ನಕ್ಕರು.

"ಡ್ರೈವಿಂಗ್ ಪರೀಕ್ಷೇಲಿ ಮೂರು ಸಲ ಫೇಲು, ಒಪ್ಕೋತೀನಿ. ಕ್ಲಾರಿ ಬೆನ್ನಿನ ಪರೀಕ್ಷೇಲಿ? ಈ ಚಳಿಗಾಲ ಒಂದು ದಿನಾನೂ ಇಲ್ಲ."